ಹೊಂಗನೂರು ರಸ್ತೆಯಲ್ಲಿ ನನ್ನ ಆಯಿಲ್ ಕೂಲರ್

ಪೈಪಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ನಂಬಿಕೆ ಆ ಶನಿವಾರ ಸಂಜೆ ನಾಲ್ಕು ಗಂಟೆಯವರೆಗೂ ನನಗಿತ್ತು. ಅದಕ್ಕೆ ಆಧಾರವೂ ಇತ್ತು. ಬಿಡದಿಯಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಚನ್ನಪಟ್ಟಣದಿಂದ ಬೆಳಗಿನ ರೈಲು ಹಿಡಿದು ಹೋಗಿ, ಕಾರುಗಳ ರೇಡಿಯೇಟರಿಗೆ ನೀರಿನ ರಬ್ಬರ್ ಪೈಪು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ದುಡಿಯುತ್ತಿದ್ದೆ. ಹುದ್ದೆಯ ಹೆಸರು ಕ್ವಾಲಿಟಿ ಇನ್‌ಸ್ಪೆಕ್ಟರ್. ಪೈಪನ್ನು ಬೆಳಕಿಗೆ ಹಿಡಿದು ನೋಡಬೇಕು, ಬಗ್ಗಿಸಬೇಕು, ಹಿಸುಕಬೇಕು. ಸರಿಯಿದ್ದರೆ ಹಸಿರು ಮುದ್ರೆ, ಇಲ್ಲದಿದ್ದರೆ ಕೆಂಪು ಮುದ್ರೆ. ದಿನಕ್ಕೆ ಎಂಟು ಗಂಟೆ ಹೀಗೆ ತೀರ್ಪು ಕೊಡುವವನಿಗೆ ಕ್ರಮೇಣ ಇಡೀ ಕಾರೇ ತನಗೆ ಗೊತ್ತು ಎನ್ನಿಸತೊಡಗುತ್ತದೆ. ನನಗೂ ಅನ್ನಿಸಿತ್ತು.

ಹೀಗಿರುವಾಗ ನನ್ನ ಜೊತೆಯ ನಾಗರಾಜ ಊಟದ ಹೊತ್ತಿನಲ್ಲಿ ಒಂದು ಸುದ್ದಿ ತಂದ. ಮದ್ರಾಸಿನ ಕಡೆ ಒಂದು ರೇಸ್ ಟ್ರ್ಯಾಕ್ ಇದೆಯಂತೆ. ಅಪರೂಪಕ್ಕೊಂದು ಭಾನುವಾರ ಅಲ್ಲಿಗೆ ನಮ್ಮಂಥವರನ್ನೂ ಬಿಡುತ್ತಾರಂತೆ. ನಮ್ಮದೇ ಕಾರನ್ನು ನಮಗಿಷ್ಟ ಬಂದಷ್ಟು ಜೋರಾಗಿ ಓಡಿಸಬಹುದಂತೆ. ಎದುರಿನಿಂದ ಯಾರೂ ಬರುವುದಿಲ್ಲವಂತೆ. ಮೈಸೂರು ಹೆದ್ದಾರಿಯಲ್ಲಿ ರಾಂಗ್ ಸೈಡಿನಿಂದ ಬರುವ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು ಬಿಟ್ಟು ಸಾಕಾಗಿದ್ದ ನನಗೆ ಆ ಕೊನೆಯ ಮಾತು ಸ್ವರ್ಗದ ವರ್ಣನೆಯಂತೆ ಕೇಳಿಸಿತು. ಇಬ್ಬರೂ ಹೆಸರು ಕೊಟ್ಟೆವು.

ಅವತ್ತೇ ಸೈಬರ್ ಸೆಂಟರಿಗೆ ಹೋಗಿ ಕೂತು ಟ್ರ್ಯಾಕ್ ಡ್ರೈವಿಂಗ್ ಬಗ್ಗೆ ಓದಿದೆ. ಒಂದು ಗಂಟೆಯಲ್ಲಿ ನನಗೆ ಭಯ ಹುಟ್ಟಿತು, ಇನ್ನೊಂದು ಗಂಟೆಯಲ್ಲಿ ಪಾಂಡಿತ್ಯ ಬಂತು. ವಿಷಯ ಇಷ್ಟೇ. ಟ್ರ್ಯಾಕಿನಲ್ಲಿ ಒಂದೇ ಸಮನೆ ಜೋರಾಗಿ ಓಡಿಸಿದರೆ ಎಂಜಿನ್ ಆಯಿಲ್ ವಿಪರೀತ ಕಾಯುತ್ತದೆ, ಕಾದ ಆಯಿಲ್ ನೀರಿನಂತೆ ತೆಳ್ಳಗಾಗುತ್ತದೆ, ಆಮೇಲೆ ಎಂಜಿನ್ ಹಿಡಿದುಕೊಂಡು ನಿಂತೇಹೋಗುತ್ತದೆ. ಇದಕ್ಕೆ ಪರಿಹಾರ ಆಯಿಲ್ ಕೂಲರ್. ಎಂಜಿನ್ನಿಗೂ ಆಯಿಲ್ ಫಿಲ್ಟರಿಗೂ ನಡುವೆ ಒಂದು ದಪ್ಪ ಬಿಲ್ಲೆ ಕೂರಿಸಬೇಕು. ಅದರಿಂದ ಎರಡು ಪೈಪು ಹೊರಟು, ಕಾರಿನ ಮೂತಿಯಲ್ಲಿ ಗಾಳಿಗೆ ಒಡ್ಡಿಕೊಂಡ ಒಂದು ಪುಟ್ಟ ರೇಡಿಯೇಟರಿಗೆ ಹೋಗಬೇಕು. ಬಿಸಿ ಆಯಿಲ್ ಒಂದು ಪೈಪಿನಲ್ಲಿ ಹೋಗಿ, ತಣ್ಣಗಾಗಿ ಇನ್ನೊಂದರಲ್ಲಿ ಬರುತ್ತದೆ. ಪೈಪು ಎಂಬ ಪದ ಕಂಡ ಕೂಡಲೇ ಇದು ನನಗಾಗಿಯೇ ಹುಟ್ಟಿದ ಕೆಲಸ ಎಂದು ತೀರ್ಮಾನಿಸಿದೆ.

ಬೆಂಗಳೂರಿನ ಹಳೇ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೂಲರೂ ಬಿಲ್ಲೆಯೂ ಸಿಕ್ಕವು. ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದೆ.

ಮನೆಯಲ್ಲಿ ಆಗ ಬೇರೊಂದು ದೊಡ್ಡ ಕಾರ್ಯಕ್ರಮ ನಡೆಯುತ್ತಿತ್ತು. ನನ್ನ ಹೆಂಡತಿ ಸಾವಿತ್ರಿ ಮೂರು ತಿಂಗಳಿಂದ ಕಾರು ಕಲಿಯುತ್ತಿದ್ದಳು. ಕಲಿಸುತ್ತಿದ್ದವರು ಅವಳ ಅಪ್ಪ, ಅಂದರೆ ನಮ್ಮ ಮಾವ ತಿಮ್ಮೇಗೌಡರು. ಹೊಂಗನೂರಿನವರು. ಕನಕಪುರದ ರೂಟಿನಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸೋಮವಾರ ರಾಮನಗರದಲ್ಲಿ ಅವಳ ಲೈಸೆನ್ಸ್ ಟೆಸ್ಟ್ ಇತ್ತು. ಅವಳಿಗೆ ಕೈ ಕೂತಿದ್ದದ್ದು ನಮ್ಮ ಹಳೆಯ ಸಣ್ಣ ಕಾರಿನ ಮೇಲೆ ಮಾತ್ರ. ಆದ್ದರಿಂದ ಕೂಲರ್ ಕೂರಿಸುವ ಕೆಲಸವನ್ನು ಟೆಸ್ಟ್ ಮುಗಿದ ಮೇಲೆ ಇಟ್ಟುಕೊಳ್ಳಬೇಕೆಂದು ಅವಳು ಕೇಳಿಕೊಂಡಳು. ಅರ್ಧ ದಿನದ ಕೆಲಸ, ಶನಿವಾರ ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದು ನಾನು ಅಭಯ ಕೊಟ್ಟೆ.

ಶನಿವಾರ ಬೆಳಿಗ್ಗೆ ಕಾರಿನ ಮುಂದಿನ ಚಕ್ರಗಳನ್ನು ಕಲ್ಲುಗಳ ಮೇಲೆ ಹತ್ತಿಸಿ ಅಡಿಗೆ ನುಗ್ಗಿದೆ. ಹಳೇ ಫಿಲ್ಟರ್ ಬಿಚ್ಚಬೇಕು. ಕೈಯಲ್ಲಿ ತಿರುಗಿಸಿದೆ, ತಿರುಗಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದೆ, ಬಟ್ಟೆ ತಿರುಗಿತು. ಫಿಲ್ಟರಿಗೆ ಸ್ಕ್ರೂಡ್ರೈವರ್ ಚುಚ್ಚಿ ಅದನ್ನೇ ಹಿಡಿಯಂತೆ ಬಳಸಿ ತಿರುಗಿಸಬೇಕೆಂದು ಎಲ್ಲೋ ಓದಿದ್ದು ನೆನಪಾಗಿ ಹಾಗೇ ಚುಚ್ಚಿದೆ. ಆಯಿಲ್ ಮೊದಲೇ ಇಳಿಸಿರಬೇಕು ಎಂಬ ಸಾಲನ್ನು ನಾನು ಓದಿರಲಿಲ್ಲ. ಅದು ಮುಖದ ಮೇಲೇ ಸುರಿದು, ಮುಂದಿನ ಎರಡು ನಿಮಿಷ ನನಗೆ ಏನೂ ಕಾಣಲಿಲ್ಲ. ಸಾವಿತ್ರಿ ಅಡುಗೆಮನೆಯಿಂದ ಓಡಿ ಬಂದು, ಕೈಗೆ ಸಿಕ್ಕಿದ ರಾಗಿ ಹಿಟ್ಟು ಜರಡಿ ಹಿಡಿಯುವ ಅಗಲ ಬೇಸಿನ್ನನ್ನು ಕಾರಿನಡಿಗೆ ತಳ್ಳಿದಳು. ಆ ಬೇಸಿನ್ ಮತ್ತೆ ಅಡುಗೆಮನೆ ಸೇರಲಿಲ್ಲ.

ಬಿಲ್ಲೆ ಕೂತಿತು. ಕೂಲರ್ ಕೂರಲಿಲ್ಲ. ಮುಂದಿನ ಬಂಪರಿನ ಹಿಂದೆ ಅದಕ್ಕೆ ಜಾಗವೇ ಇರಲಿಲ್ಲ. ಗರಗಸದ ಬ್ಲೇಡು ತಂದು ಬಂಪರಿನ ಜಾಲರಿಯನ್ನು ಅಳತೆ ಮಾಡಿ ಕೊಯ್ದೆ. ಅಳತೆ ಎಡಗಡೆಯಿಂದ ಮಾಡಿದ್ದೆ, ಕೊಯ್ದದ್ದು ಬಲಗಡೆಯಿಂದ. ಸರಿಯಾದ ಕಡೆ ಮತ್ತೊಮ್ಮೆ ಕೊಯ್ದಾಗ ನಡುವೆ ಉಳಿದಿದ್ದ ಪಟ್ಟಿ ತಾನಾಗಿಯೇ ಕಳಚಿ ಬಿತ್ತು. ಕಾರು ಮುಂದಿನ ನಾಲ್ಕು ಹಲ್ಲು ಉದುರಿದವರಂತೆ ಕಾಣತೊಡಗಿತು. ಗಾಳಿ ಚೆನ್ನಾಗಿ ಬರುತ್ತದೆ ಎಂದು ಸಾವಿತ್ರಿಗೆ ವಿವರಿಸಿದೆ. ಅವಳು ಒಳಗೆ ಹೋದಳು. ಕೂಲರನ್ನು ಕಟ್ಟುತಂತಿಯಿಂದ ಬಿಗಿದೆ.

ಕೊನೆಗೆ ಉಳಿದದ್ದು ಪೈಪು. ಕೂಲರಿನ ಜೊತೆ ಬಂದಿದ್ದ ಎರಡರಲ್ಲಿ ಒಂದು ಗೇಣುದ್ದ ಕಮ್ಮಿಯಿತ್ತು. ಆದರೆ ನಾನು ಪೈಪಿನ ಮನುಷ್ಯನಲ್ಲವೇ? ಗುಜರಿಗೆ ಹೋಗಬೇಕಿದ್ದ ಕೆಲವು ರಿಜೆಕ್ಟ್ ಪೈಪುಗಳನ್ನು ಸೂಪರ್‌ವೈಸರನ್ನು ಕೇಳಿ ಹಿಂದೊಮ್ಮೆ ಮನೆಗೆ ತಂದಿದ್ದೆ, ಗಿಡಗಳಿಗೆ ನೀರು ಬಿಡಲು. ಅದರಲ್ಲೊಂದು ಉದ್ದಕ್ಕೆ ಸರಿಹೋಯಿತು. ಅದರ ಮೇಲೆ ಕೆಂಪು ಮುದ್ರೆಯಿತ್ತು. ಮುದ್ರೆಯ ಪಕ್ಕದಲ್ಲಿ ನನ್ನದೇ ಸಹಿಯಿತ್ತು. ನೋಡಿ ಸ್ವಲ್ಪ ಹೊತ್ತು ಯೋಚಿಸಿದೆ. ನಾನು ಕೆಲಸದಲ್ಲಿ ಅತಿ ಕಟ್ಟುನಿಟ್ಟು, ಪಾಪದ ಪೈಪನ್ನು ಸುಮ್ಮನೆ ತಳ್ಳಿಹಾಕಿರುತ್ತೇನೆ ಎನ್ನಿಸಿತು. ಹಾಕಿ ಕ್ಲಿಪ್ ಬಿಗಿದೆ.

ಹೊಸ ಫಿಲ್ಟರ್ ತಿರುಗಿಸಿ, ಹೊಸ ಆಯಿಲ್ ಸುರಿದು ಸ್ಟಾರ್ಟ್ ಮಾಡುವ ಹೊತ್ತಿಗೆ ಮಾವ ಬಂದರು. ಎಂಜಿನ್ ಹತ್ತು ನಿಮಿಷ ನಿಂತಲ್ಲೇ ಓಡಿತು. ಒಂದು ಹನಿಯೂ ಸೋರಲಿಲ್ಲ. ನಾನು ಕಾರಿನ ಪಕ್ಕ ಎದೆಯುಬ್ಬಿಸಿ ನಿಂತೆ. ಮಾವ ಬಾನೆಟ್ಟಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿ, ಆ ಪೈಪನ್ನು ಎರಡು ಬೆರಳಿನಿಂದ ಒತ್ತಿದರು.

"ಅಳಿಯಂದ್ರೇ, ಇದು ನೀರಿನ ಪೈಪಲ್ವಾ? ಎಣ್ಣೆಗೆ ತಡೀತೈತಾ?"

ನೀರಿಗೆ ತಡೆಯುವುದು ಎಣ್ಣೆಗೂ ತಡೆಯುತ್ತದೆ, ಎರಡೂ ದ್ರವವೇ ಎಂದು ನಾನು ಶಾಸ್ತ್ರೋಕ್ತವಾಗಿ ಉತ್ತರಿಸಿದೆ. ಒತ್ತಡ, ಉಷ್ಣಾಂಶ ಎಂಬ ಪದಗಳನ್ನೂ ಬಳಸಿದೆ. ಅವರು ತಲೆಯಾಡಿಸಿ ಹೋಗಿ ಹಿಂದಿನ ಸೀಟಿನಲ್ಲಿ ಕೂತರು.

ಹೊಂಗನೂರು ರಸ್ತೆಯಲ್ಲಿ ಪರೀಕ್ಷೆಗೆ ಹೊರಟೆವು. ನಾನು ಓಡಿಸುತ್ತಿದ್ದೆ. ಸಾವಿತ್ರಿ ಪಕ್ಕದಲ್ಲಿದ್ದಳು, ವಾಪಸ್ಸು ಬರುವಾಗ ಅವಳು ಓಡಿಸಿ ಅಭ್ಯಾಸ ಮಾಡುವುದೆಂದು ಮಾತಾಗಿತ್ತು. ಊರು ದಾಟಿ, ಎರಡೂ ಕಡೆ ಹಿಪ್ಪುನೇರಳೆ ತೋಟಗಳಿರುವ ನೇರ ರಸ್ತೆ ಸಿಕ್ಕಿದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಕಾರು ಹಿಂದೆಂದೂ ಓಡದಷ್ಟು ಜೋರಾಗಿ ಓಡಿತು, ಅಥವಾ ಹಾಗೆ ಸದ್ದು ಮಾಡಿತು. ಸುಟ್ಟ ವಾಸನೆ ಬರುತ್ತಿದೆ ಎಂದು ಸಾವಿತ್ರಿ ಹೇಳಿದಳು. ಯಾರೋ ಗದ್ದೆಯಲ್ಲಿ ಕಸ ಸುಡುತ್ತಿರಬೇಕು ಎಂದೆ. ಅಷ್ಟರಲ್ಲಿ ಸ್ಟೀರಿಂಗಿನ ಮುಂದೆ ಎಣ್ಣೆ ಗಿಂಡಿಯ ಆಕಾರದ ಒಂದು ಕೆಂಪು ದೀಪ ಹತ್ತಿಕೊಂಡಿತು. ಕಾರು ಓಡುವಾಗ ಅದು ಹತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ನೋಡು, ಕೂಲರ್ ಕೆಲಸ ಶುರು ಮಾಡಿತು" ಎಂದೆ.

ಹಿಂದಿನಿಂದ ಮಾವನ ಕೈ ನನ್ನ ಭುಜದ ಮೇಲೆ ಬಿತ್ತು. "ಗಾಡಿ ಪಕ್ಕಕ್ಕಾಕಿ, ಆಫ್ ಮಾಡಿ. ಈಗ್ಲೇ."

ಇಪ್ಪತ್ತೆಂಟು ವರ್ಷ ಅರವತ್ತು ಜನರ ಬಸ್ಸನ್ನು ಸುಮ್ಮನಾಗಿಸಿದ ಧ್ವನಿ ಅದು. ನನ್ನ ಕಾಲು ನನ್ನನ್ನು ಕೇಳದೆ ಬ್ರೇಕ್ ಒತ್ತಿತು. ಎಂಜಿನ್ ಉಳಿದದ್ದು ಆ ಒಂದು ಮಾತಿನಿಂದ.

ಇಳಿದು ನೋಡಿದರೆ ಆ ಪೈಪು ಬಿಸಿ ಎಣ್ಣೆ ಕುಡಿದು ಹಾಗಲಕಾಯಿಯಂತೆ ಊದಿಕೊಂಡು, ನಡುವೆ ಬಾಯಿ ಬಿಟ್ಟಿತ್ತು. ಸೀಳಿದ್ದು ಸರಿಯಾಗಿ ಕೆಂಪು ಮುದ್ರೆಯ ಪಕ್ಕದಲ್ಲಿ. ನನ್ನ ವೃತ್ತಿಜೀವನದಲ್ಲಿ ನಾನು ಕೊಟ್ಟ ಯಾವ ತೀರ್ಪೂ ಅಷ್ಟು ಸ್ಪಷ್ಟವಾಗಿ ಸಾಬೀತಾಗಿರಲಿಲ್ಲ. ಹಿಂದೆ ತಿರುಗಿ ನೋಡಿದೆ. ಬಂದ ದಾರಿಯುದ್ದಕ್ಕೂ ಕಪ್ಪು ಗೆರೆಯೊಂದು ಬಿಸಿಲಿಗೆ ಹೊಳೆಯುತ್ತಿತ್ತು. ಎಂಜಿನ್ನಿನಲ್ಲಿರಬೇಕಾದ ಆಯಿಲ್ ಬಹುಪಾಲು ಹೊಂಗನೂರು ರಸ್ತೆಯ ಮೇಲಿತ್ತು.

ನಗು ಬರುವ ವಿಷಯ ಅಲ್ಲಿಗೆ ಮುಗಿಯಿತು. ಸ್ಕೂಟರಿನ ಹಿಂದೆ ಗೂಡಿನ ಖಾಲಿ ಚೀಲಗಳನ್ನು ಪೇರಿಸಿಕೊಂಡು ರೇಷ್ಮೆ ಮಾರ್ಕೆಟ್ಟಿನಿಂದ ಊರಿಗೆ ಮರಳುತ್ತಿದ್ದ ರೈತರೊಬ್ಬರು ನಮ್ಮ ಕಣ್ಣೆದುರಿಗೇ ಆ ಗೆರೆಯ ಮೇಲೆ ಜಾರಿದರು. ಸ್ಕೂಟರ್ ಒಂದು ಕಡೆ, ಅವರು ಒಂದು ಕಡೆ. ಓಡಿ ಹೋಗಿ ಎತ್ತಿದೆವು. ತಮ್ಮ ಚೀಲಗಳ ಮೇಲೆಯೇ ಬಿದ್ದಿದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅವರು ಎದ್ದು ಪಂಚೆ ಕೊಡವಿ, ರಸ್ತೆ ನೋಡಿ, ಆಮೇಲೆ ಬೆಳಿಗ್ಗೆಯೇ ತಲೆಯಿಂದ ಕಾಲಿನವರೆಗೆ ಎಣ್ಣೆಯಾಗಿದ್ದ ನನ್ನನ್ನು ನೋಡಿದರು.

"ನಿಂಗೂ ಎಣ್ಣೆಸ್ನಾನ, ರೋಡ್ಗೂ ಎಣ್ಣೆಸ್ನಾನ. ಒಸಿ ಸೀಗೇಪುಡಿನೂ ತರ್ಬಾರ್ದಾಗಿತ್ತೇನಪ್ಪಾ?"

ನಾನು ಅವರ ಕೈ ಹಿಡಿದು ತಪ್ಪಾಯಿತು ಎಂದೆ. ಅದನ್ನು ಅವತ್ತು ಇನ್ನೂ ಹಲವರಿಗೆ ಹೇಳಬೇಕಾಯಿತು.

ಮುಂದಿನದನ್ನೆಲ್ಲ ಮಾವ ವಹಿಸಿಕೊಂಡರು. ಆ ರೈತರನ್ನು ರಸ್ತೆಯ ಆ ತುದಿಗೆ, ಸಾವಿತ್ರಿಯನ್ನು ಈ ತುದಿಗೆ ನಿಲ್ಲಿಸಿ, ಬರುವ ಗಾಡಿಗಳನ್ನೆಲ್ಲ ನಿಧಾನ ಮಾಡಿಸಿದರು. ದಾರಿಯಲ್ಲಿ ಬಂದ ಲಗೇಜ್ ಆಟೋ ಒಂದನ್ನು ನಿಲ್ಲಿಸಿ, ನನ್ನನ್ನು ಅದಕ್ಕೆ ಹತ್ತಿಸಿ ಚನ್ನಪಟ್ಟಣಕ್ಕೆ ಕಳಿಸಿದರು. ಚೆಲ್ಲಿದ ಎಣ್ಣೆ ಹೀರುವುದಕ್ಕೆ ಮರದ ಹೊಟ್ಟಿನಂಥದ್ದು ಬೇರೊಂದಿಲ್ಲ, ಬೊಂಬೆ ಮಾಡುವ ಊರಿನಲ್ಲಿ ಅದಕ್ಕೆ ಬರವೂ ಇಲ್ಲ. ನಮ್ಮ ಬೀದಿಯ ಬೊಂಬೆ ಕಾರ್ಖಾನೆಯವರು ಕಾರಣ ಕೇಳಿದರು. ಹೇಳಿದೆ. ಅಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಎಂಟು ಚೀಲ ಹೊಟ್ಟು ತುಂಬಿಕೊಟ್ಟರು. ಬೊಂಬೆಗೆ ಬಣ್ಣದ ಅರಗು ಬಳಿಯುವಾಗ ಉದುರಿದ ಪುಡಿಯೂ ಅದರಲ್ಲಿ ಬೆರೆತಿತ್ತು.

ಆಟೋ ನಡೆಯುವಷ್ಟೇ ನಿಧಾನವಾಗಿ ಹೋಗುತ್ತಿತ್ತು. ಅದರ ಹಿಂದೆ ನಾನು ಮಂಕರಿ ಹಿಡಿದು, ಬಿತ್ತನೆ ಮಾಡುವವನಂತೆ ಹೊಟ್ಟು ಎರಚುತ್ತಾ ನಡೆದೆ. ಸುಮಾರು ಒಂದೂವರೆ ಕಿಲೋಮೀಟರ್. ನಿಂತ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಮೆರವಣಿಗೆ ಯಾವ ದೇವರದ್ದು ಎಂದು ಒಬ್ಬ ಅಜ್ಜಿ ಕೇಳಿದರು. ಕೆಂಪು, ಹಳದಿ, ಹಸಿರು ಪುಡಿ ಬೆರೆತು ರಸ್ತೆಯೇನೋ ಹಬ್ಬದಂತೆ ಕಾಣುತ್ತಿತ್ತು. ಮಾವ ಹಿಂದೆ ಹಿಂದೆ ಬಂದು, ಎಲ್ಲೆಲ್ಲಿ ಕಮ್ಮಿ ಬಿದ್ದಿದೆಯೆಂದು ಕೋಲಿನಿಂದ ತೋರಿಸುತ್ತಿದ್ದರು. ಹೊತ್ತು ಇಳಿಯುವಷ್ಟರಲ್ಲಿ ಮುಗಿಯಿತು. ಕಾರನ್ನು ಒಂದು ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆಸಿದೆವು.

ಸಾವಿತ್ರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟ ಬಡಿಸುತ್ತಾ ಒಂದೇ ಮಾತು ಹೇಳಿದಳು.

"ಮೂರು ತಿಂಗ್ಳು ಕಲ್ತಿದ್ದೀನಿ ಕಣ್ರೀ. ನಿಮ್ಗೆ ಎರಡು ದಿನ ಕಾಯೋಕಾಗ್ಲಿಲ್ಲ."

ಟೆಸ್ಟಿನ ದಿನಾಂಕಕ್ಕೆ ಅವಳು ಎಷ್ಟು ಓಡಾಡಿದ್ದಳೆಂದು ನನಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಮಾವ ತಮ್ಮ ಹಳೇ ಖಾಕಿ ಅಂಗಿ ತೊಟ್ಟು ಬಂದರು. ಅಪ್ಪ ಮಗಳು ಸೇರಿ ಕೂಲರ್, ಬಿಲ್ಲೆ, ಪೈಪು ಎಲ್ಲ ಬಿಚ್ಚಿದರು. ಎಂಜಿನ್ನಿನ ಮುಖ ಒರೆಸಿ, ಫಿಲ್ಟರನ್ನು ಮೊದಲಿನ ಜಾಗಕ್ಕೇ ಕೂರಿಸಿ, ಆಯಿಲ್ ತುಂಬಿದರು. ನನಗೆ ಸ್ಪ್ಯಾನರ್ ಕೈಗೆ ಕೊಡುವ ಕೆಲಸ ಸಿಕ್ಕಿತು. ಎರಡು ಸಲ ತಪ್ಪು ಸ್ಪ್ಯಾನರ್ ಕೊಟ್ಟ ಮೇಲೆ ಕಾಫಿ ತರುವ ಕೆಲಸಕ್ಕೆ ವರ್ಗವಾಯಿತು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಹೂವಿನಂತೆ ಓಡಿತು.

ಸೋಮವಾರ ರಾಮನಗರದಲ್ಲಿ ಸಾವಿತ್ರಿ ಒಂದು ಸಲವೂ ಎಂಜಿನ್ ಆಫ್ ಮಾಡಿಕೊಳ್ಳದೆ ಎಂಟು ಹಾಕಿದಳು, ಹಿಂದಕ್ಕೆ ತೆಗೆದಳು, ಏರಿನಲ್ಲಿ ನಿಲ್ಲಿಸಿ ಹೊರಡಿಸಿದಳು. ಟೆಸ್ಟ್ ತೆಗೆದುಕೊಂಡ ಅಧಿಕಾರಿ ಕಾರಿನಿಂದಿಳಿದು ಮುಂದೆ ಬಂದು, ಬಂಪರಿನಲ್ಲಿದ್ದ ಗುಹೆಯನ್ನು ನೋಡಿ, ಎಲ್ಲಿ ಗುದ್ದಿದಿರಿ ಎಂದು ಅನುಮಾನದಿಂದ ಕೇಳಿದರು.

"ಗುದ್ದಿಲ್ಲ ಸಾರ್. ನಮ್ಮೆಜಮಾನ್ರು ರಿಪೇರಿ ಮಾಡಿದ್ರು."

ಅವರು ನನ್ನತ್ತ ಒಮ್ಮೆ ನೋಡಿ, ಪಾಸ್ ಎಂದು ಬರೆದರು.

ಮೂರು ವಾರದ ನಂತರ ಟ್ರ್ಯಾಕಿನ ದಿನ ಬಂತು. ನಾಗರಾಜ ಕೊನೇ ಗಳಿಗೆಯಲ್ಲಿ ಹಿಂದೆ ಸರಿದ. ಹೆಸರು ಕೊಟ್ಟಾಗಿದೆಯಲ್ಲ ಎಂದು ಸಾವಿತ್ರಿ, ಮಾವ, ನಾನು ಮೂವರೂ ಹೊರಟೆವು. ಕೂಲರಿಲ್ಲದ ಕಾರು. ನನಗೆ ಒಳಗೊಳಗೇ ದಿಗಿಲು. ಆಯಿಲ್ ಕಾಯುತ್ತದೆ, ಎಂಜಿನ್ ಹಿಡಿದುಕೊಳ್ಳುತ್ತದೆ ಎಂದು ಜಪಿಸುತ್ತಲೇ ಹೆಲ್ಮೆಟ್ ತೊಟ್ಟು ಐದು ಸುತ್ತು ಹಾಕಿದೆ. ಇಳಿದಾಗ ಬೆವರಿನಲ್ಲಿ ಮುಳುಗಿದ್ದೆ. ಅಲ್ಲಿ ಕಾರುಗಳನ್ನು ಪರೀಕ್ಷಿಸುವವರು ಬೆಂಗಳೂರಿನ ಕಡೆಯ ಹಿರಿಯರೊಬ್ಬರು. ಉಷ್ಣಾಂಶ ಅಳೆಯುವ ಕಡ್ಡಿಯನ್ನು ಆಯಿಲಿಗೆ ಇಳಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, ಆಯಿಲ್ ಇನ್ನೂ ಸರಿಯಾಗಿ ಬಿಸಿಯೇ ಆಗಿಲ್ಲವೆಂದೂ, ಕಾರಿನಲ್ಲಿ ಏನಾದರೂ ತೊಂದರೆಯಿದ್ದು ನಿಧಾನಕ್ಕೆ ಬಂದಿರಾ ಎಂದೂ ವಿಚಾರಿಸಿದರು.

ತೊಂದರೆ ಏನೂ ಇಲ್ಲ, ಅದೇ ನನ್ನ ವೇಗ ಎನ್ನುವ ಬದಲು ಹೆಲ್ಮೆಟ್ ಕಳಚಿ ಸಾವಿತ್ರಿಯ ಕೈಗೆ ಕೊಟ್ಟೆ.

ಉಳಿದ ಸುತ್ತುಗಳಿಗೆ ಸಾವಿತ್ರಿ ಕೂತಳು. ಹೊರಡುವ ಮುಂಚೆ ಮಾವ ಕಿಟಕಿಗೆ ಬಗ್ಗಿ, ತಿರುವಿಗೆ ಮೊದಲೇ ಗೇರ್ ಇಳಿಸು, ತಿರುವಿನೊಳಗೆ ಬ್ರೇಕ್ ಮುಟ್ಟಬೇಡ, ಆಚೆ ಬದಿಯನ್ನೇ ನೋಡುತ್ತಿರು ಎಂದಿಷ್ಟೇ ಹೇಳಿದರು. ಅದು ಅವರು ತುಂಬಿದ ಬಸ್ಸಿಗೆ ಪಾಲಿಸುತ್ತಿದ್ದ ಕ್ರಮ. ಮೊದಲ ಸುತ್ತು ಮೆಲ್ಲಗೆ ಬಂದಳು. ಎರಡನೆಯದರಲ್ಲಿ ಒಂದು ಕೆಂಪು ಕಾರನ್ನು ಹಿಂದಿಕ್ಕಿದಳು. ಮೂರನೆಯದರಲ್ಲಿ ಪಕ್ಕದಲ್ಲಿ ನಿಂತವರು ಆ ಹಲ್ಲಿಲ್ಲದ ಕಾರು ಯಾರದ್ದು ಎಂದು ಕೇಳತೊಡಗಿದರು. ನಮ್ಮದೇ ಎಂದೆ. ಆ ದಿನ ನಾನು ಹೆಮ್ಮೆಯಿಂದ ಆಡಿದ ಮಾತು ಅದೊಂದೇ.

ಅವಳು ನಗುತ್ತಾ ಇಳಿದು ಬಂದಾಗ ಆ ಹಿರಿಯರು ಕಡ್ಡಿ ಇಳಿಸಿ ನೋಡಿ, ಹುಬ್ಬೇರಿಸಿ, ನೇರ ನನ್ನ ಬಳಿಗೆ ಬಂದರು.

"ಮೇಡಂ ಹಿಂಗೇ ಓಡಿಸೋದಾದ್ರೆ ಇದಕ್ಕೊಂದು ಆಯಿಲ್ ಕೂಲರ್ ಹಾಕಿಸ್ಬಿಡಿ ಸಾರ್. ನಿಮ್ ಕಡೆ ಯಾರಾದ್ರೂ ಕೆಲಸ ಬಲ್ಲ ಮೆಕ್ಯಾನಿಕ್ ಇದ್ದಾರಾ?"

ಸಾವಿತ್ರಿ ನನ್ನ ಮುಖ ನೋಡಿದಳು. ಮಾವ ಕೆಮ್ಮಿ ಆ ಕಡೆ ತಿರುಗಿದರು.

ಇದ್ದಾರೆ ಸಾರ್, ನಮ್ಮ ಮಾವ ಎಂದೆ. ನಾನು ಕಾಫಿ ತರುತ್ತೇನೆ ಎಂದೂ ಸೇರಿಸಿದೆ.