ಅವಾರ್ಡು ಬಂದ ದಿನ

ಸಿರಿಗೇರಿಯ ಜಡೆಪ್ಪನಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಟಪಾಲಿನವನು ಕೊಟ್ಟ ಲಕೋಟೆಯಲ್ಲಿ ಒಂದೇ ಹಾಳೆ ಇತ್ತು, ಪೂರ್ತಿ ಇಂಗ್ಲಿಷು. ಸಾಲಿ ಮಾಸ್ತರ ಕೊಟ್ಟೂರಪ್ಪ ಕನ್ನಡಕ ಏರಿಸಿ, ಇಳಿಸಿ, ಕಡೆಗೆ ತಲೆಬರಹದ ಒಂದು ಮಾತನ್ನಷ್ಟೇ ಬಿಡಿಸಿದರು: ಅವಾರ್ಡು. ಹಾಗೆಂದರೆ ಇನಾಮು, ಚೆಂದ ಓದಿದವರಿಗೆ ಕೊಡುತ್ತಾರೆ ಎಂದರು.

ಜಡೆಪ್ಪ ಓದಿದವನಲ್ಲ. ಸರಕಾರ ಮೆಚ್ಚುವಂಥದ್ದನ್ನು ಮಾಡಿದವನೂ ಅಲ್ಲ. ಮಾಡಿದ್ದು ಒಂದೇ: ಕಾಲುವೆಯವರು ಅವನ ಹತ್ತಿ ಹೊಲದಲ್ಲಿ ನೆಟ್ಟುಹೋಗಿದ್ದ ಅಳತೆಯ ಕಲ್ಲುಗಳನ್ನು ಯುಗಾದಿಗೆ ಮುಂಚೆ ಕಿತ್ತು ಹಳ್ಳಕ್ಕೆ ಎಸೆದಿದ್ದ. ಕಲ್ಲು ಹೋದರೆ ಕಾಲುವೆಯೂ ಹೋದೀತೆಂಬ ಆಸೆ.

ಅಷ್ಟರಲ್ಲಿ ಪಕ್ಕದ ಮನೆಯ ಪಾಲಯ್ಯ ಬಂದ. ಬಳ್ಳಾರಿ ಜೇಲಿಗೆ ಎರಡು ವರ್ಷ ಕಟ್ಟಿಗೆ ಹಾಕಿದ್ದವನು. ಮಾಸ್ತರರಿಗೆ ತಿಳಿದಿಲ್ಲ, ಅದು ವಾರ್ಡು, ಕೈದಿಗಳನ್ನು ಕೂಡಿಹಾಕುವ ಜಾಗ ಎಂದ.

“ಎ ವಾರ್ಡು, ಬಿ ವಾರ್ಡು ಅಂತ ಇರ್ತಾವ. ನಿನಗ ಎ ಕೊಟ್ಟಾರ.”

ಕಲ್ಲು ಕಿತ್ತದ್ದಕ್ಕೇ ಇದು ಎಂದು ಜಡೆಪ್ಪನಿಗೆ ಖಾತ್ರಿಯಾಯಿತು. ಹೆಂಡತಿ ಜಂಬಮ್ಮ ಅಳುತ್ತಲೇ ರೊಟ್ಟಿ ಕಟ್ಟಿದಳು. ಒಳಗೆ ನೆಲ ಬಹಳ ತಂಪು ಎಂದು ಪಾಲಯ್ಯ ಕಂಬಳಿಯನ್ನೂ ಹೊರಿಸಿದ. ತಾನಾಗಿ ಹೋಗಿ ತಪ್ಪೊಪ್ಪಿಕೊಂಡರೆ ಶಿಕ್ಷೆ ಕಮ್ಮಿಯಂತೆ, ಅದೂ ಅವನದೇ ಸಲಹೆ.

ಬಳ್ಳಾರಿ ಬಸ್ಸಿನಲ್ಲಿ ಪಕ್ಕಕ್ಕೇ ಒಬ್ಬ ಪೊಲೀಸ್ ಬಂದು ಕೂತ. ಎಲೆಗೆ ಸುಣ್ಣ ಕೇಳಿ ಅವನು ಕೈ ಚಾಚಿದರೆ, ಜಡೆಪ್ಪ ಬೇಡಿಗೆಂದು ತನ್ನ ಎರಡೂ ಕೈ ಮುಂದೆ ಮಾಡಿದ.

ಕೋರ್ಟಿನ ಹತ್ತಿರ ಇಂಗ್ಲಿಷು ಚೆನ್ನಾಗಿ ಬಲ್ಲವರು ಯಾರೆಂದು ಕೇಳಿದ್ದಕ್ಕೆ ದೊಡ್ಡಬಸಪ್ಪ ವಕೀಲರ ಕೋಣೆ ತೋರಿಸಿದರು. ಜಡೆಪ್ಪ ಹಾಳೆ ಮೇಜಿನ ಮೇಲಿಟ್ಟವನೇ ಕಾಲಿಗೆ ಬಿದ್ದ. ಯಾವ ವಾರ ಕಿತ್ತದ್ದು, ಯಾರ ಮನೆಯ ಹಾರೆ, ಯಾವ ಹಳ್ಳ, ಮಾಸ್ತರರು ಏನಂದರು, ಪಾಲಯ್ಯ ಏನಂದ, ಎಲ್ಲ ಹೇಳಿದ. ವಕೀಲರು ತಡೆಯದೆ ಕೇಳಿ, ಹಾಳೆ ಓದಿದರು.

“ಇದು ಜೇಲಿಂದಲ್ಲೋ ತಮ್ಮಾ. ಅವಾರ್ಡು ಅಂದ್ರ ಮೊದಲಿಗೆ ತೀರ್ಪು. ನೋಡಿ, ತೂಗಿ ಹೇಳಿದ ತೀರ್ಪು. ಇನಾಮು ಅನ್ನೋ ಅರ್ಥ ಆಮ್ಯಾಲೆ ಬಂತು. ನಿಮ್ಮ ಪಾಲಯ್ಯ ಹೇಳಿದ್ದೂ ಪೂರಾ ಸುಳ್ಳಲ್ಲ, ವಾರ್ಡು ಅಂಬೋದೂ ಅದಾ ಬೇರಿಂದು, ಕಾಯೋದು ಅಂತ. ಕಾಲುವಿಗೆ ನಿನ್ನ ಎರಡು ಎಕರೆ ತಗೊಂಡು ಪರಿಹಾರ ಕೊಡ್ತೀವಿ ಅಂತ ಬರದಾರ, ಅಷ್ಟ.”

ಹೊಲ ಹೋಯಿತು. ಆದರೂ ಬೆಳಗಿನಿಂದ ಮೊದಲ ಸಲ ಜಡೆಪ್ಪ ನೆಟ್ಟಗೆ ಉಸಿರಾಡಿದ.

“ಹಂಗಾದ್ರ ಕಲ್ಲು ಕಿತ್ತದ್ದು ಸರಕಾರಕ್ಕ ಗೊತ್ತಾಗಿಲ್ಲೇನ್ರಿ?”

“ಈ ಹೊತ್ತಿನತನಕ ಗೊತ್ತಿರಲಿಲ್ಲ,” ಎಂದು ವಕೀಲರು ಮಸಿಕುಡಿಕೆಯ ಮುಚ್ಚಳ ತೆಗೆದರು. “ನಾನು ಸರಕಾರಿ ವಕೀಲ. ಎಷ್ಟು ಕಲ್ಲು ಅಂದಿ?”