ದಿಗ್ಗೇವಾಡಿಯ ಹೋಳಿಗೆ ಮತ್ತು ದೊಡ್ಡ ಕರುಳಿನವರ ಹರತಾಳ

ಅಕ್ಕೋಳ, ೨೦ ಮೇ ೧೯೮೭

ಮಾನ್ಯ ದೊಡ್ಡ ಕರುಳಿನವರ ಸನ್ನಿಧಾನಕ್ಕೆ,

ಅಕ್ಕೋಳದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ ಶ್ರೀಪಾಲ ಚೌಗುಲೆಯು ತಮ್ಮ ಐದಡಿ ಉದ್ದಕ್ಕೂ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹೊರಗೆ ನಾನು ಕ್ಷೇಮವಾಗಿಲ್ಲ; ಒಳಗೆ ತಾವು ಆರಾಮವಾಗಿರುವುದು ಊರಿಗೆಲ್ಲ ತಿಳಿದೇ ಇದೆ.

ಒಂಬತ್ತು ವರ್ಷಗಳಿಂದ ಬಣ್ಣದ ಸೀಮೆಸುಣ್ಣ ಹಿಡಿದು ತಮ್ಮ ಇಲಾಖೆಯ ಚಿತ್ರ ಬರೆಯುತ್ತ ಬಂದಿದ್ದೇನೆ. ಬಾಯಿಯವರು ಅಗಿದು ಕೊಟ್ಟದ್ದನ್ನು ಅನ್ನನಾಳದವರು ಹತ್ತು ಸೆಕೆಂಡಿನೊಳಗೆ ಕೆಳಗೆ ದಾಟಿಸುತ್ತಾರೆ, ಜಠರದವರು ನಾಲ್ಕು ತಾಸು ಕಡೆದು ಗಂಜಿ ಮಾಡುತ್ತಾರೆ, ಸಣ್ಣ ಕರುಳಿನವರು ಇಪ್ಪತ್ತಡಿ ದಾರಿಯುದ್ದಕ್ಕೂ ಸತ್ವ ಹೀರಿಕೊಂಡು ಉಳಿದದ್ದನ್ನು ತಮ್ಮ ಸಹಿಗೆ ಕಳಿಸುತ್ತಾರೆ. ಅಲ್ಲಿಂದ ಮುಂದೆ ಸರಿಯುವುದು ಸಂಪೂರ್ಣ ತಮ್ಮ ಮರ್ಜಿ ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಅದನ್ನು ತಾವೇ ಫೆಬ್ರವರಿಯಲ್ಲಿ ಕಲಿಸಿದಿರಿ.

ದಿಗ್ಗೇವಾಡಿಗೆ ಕನ್ಯೆ ನೋಡಲು ಹೋಗುವ ನಾಲ್ಕು ದಿನ ಮೊದಲು ತಾವು ಹರತಾಳ ಹೂಡಿ, ಏನನ್ನೂ ಹೊರಬಿಡದೆ ಕೂತಿರಿ. ನಾನು ನಿಪ್ಪಾಣಿಯ ಔಷಧದಂಗಡಿಗೆ ಹೋಗಿ ಜುಲಾಬದ ಗುಳಿಗೆ ಕೇಳಿದೆ. ನಮ್ಮ ಮನೆಯಲ್ಲಿ ಜುಲಾಬವೆಂದರೆ ಹೊಟ್ಟೆ ತೊಳೆಯುವ ಔಷಧ; ಅಂಗಡಿಯ ಕಾಕಾಸಾಹೇಬರ ಮರಾಠಿಯಲ್ಲಿ ಅದು ನಿಲ್ಲಿಸಬೇಕಾದ ಕಾಯಿಲೆ. ಅವರು ಕನಿಕರದಿಂದ ನಿಲ್ಲಿಸುವ ಗುಳಿಗೆಯನ್ನೇ ಕೊಟ್ಟರು. ನಾನು ಹೊತ್ತಿಗೆರಡರಂತೆ ನುಂಗಿದೆ. ಹರತಾಳಕ್ಕೆ ಸರಕಾರವೇ ಬೆಂಬಲ ಕೊಟ್ಟಂತಾಯಿತು.

ದಿಗ್ಗೇವಾಡಿಯಲ್ಲಿ ಮಂಗಲ ಎಂಬ ಆ ಕನ್ಯೆಯನ್ನು ನೋಡಿದೆ. ಒಮ್ಮೆ ನಕ್ಕಳು. ನನಗೆ ಬಹಳ ಮನಸ್ಸಿಗೆ ಬಂದಳು, ಇದರಲ್ಲಿ ಅಣಕವೇನೂ ಇಲ್ಲ. ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನ ಮನೆತನ. ಆಮೇಲೆ ಉಣ್ಣುತ್ತೇನೆ ಎನ್ನುವಂತಿಲ್ಲ. ಕನ್ಯೆ ಒಪ್ಪಿಗೆಯಾದವರು ಹೊಟ್ಟೆ ತುಂಬ ಉಂಡೇಳಬೇಕು, ತಾಟಿನಲ್ಲಿ ಬಿಟ್ಟರೆ ಒಲ್ಲೆ ಎಂದಂತೆ ಎನ್ನುವುದು ಅಲ್ಲಿಯ ರೂಢಿ. ಜೊತೆಗೆ ಬಂದ ತಾತ್ಯಾಸಾಹೇಬ ಮಾಮಾ ತುಪ್ಪ ಸುರಿದುಕೊಂಡು ನಾಲ್ಕು ಹೋಳಿಗೆ ಮುಗಿಸಿದರು. ನನಗೆ ಅರ್ಧವೂ ಇಳಿಯಲಿಲ್ಲ. ಕನ್ಯೆಯ ತಾಯಿ ಲಕ್ಷ್ಮಿಬಾಯಿ ಇನ್ನೊಂದು ಬಡಿಸಲು ಬಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಬಾಗಿಲಲ್ಲಿ ನಿಂತ ಮಂಗಲ, "ಅವ್ವಾ, ಒತ್ತಾಯ ಮಾಡಬ್ಯಾಡ," ಎಂದು ಒಳಗೆ ಹೋದಳು.

ನಲವತ್ತು ಮಕ್ಕಳೆದುರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುವ ನಾನು ಆ ಪಡಸಾಲೆಯಲ್ಲಿ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡೆ. ಮರುವಾರ ಮಾಮಾ ಹೋಗಿ ಹುಡುಗ ಒಪ್ಪಿದ್ದಾನೆಂದು ಹೇಳಿದರೆ, ಮಂಗಲ ಕೊಟ್ಟ ಉತ್ತರ ಇಷ್ಟೇ: "ಬಾಯಿಲೆ ಹೂಂ ಅಂದ್ರ ಏನಾತ್ರಿ, ಅವರ ಹೊಟ್ಟೀನ ಒಲ್ಲೆ ಅಂದೈತಲ್ಲ." ನನಗಿಂತ ಮೊದಲು ಮೂವರು ಅವಳ ಬಣ್ಣ ನೋಡಿ ತಾಟು ಬಿಟ್ಟೆದ್ದಿದ್ದರಂತೆ. ನನ್ನನ್ನು ನಾಲ್ಕನೆಯವನೆಂದು ಎಣಿಸಿಕೊಂಡಳು. ಇದು ನೆನಪಾದರೆ ಈಗಲೂ ನನಗೆ ಅಳು ಬರುತ್ತದೆ.

ಆದ್ದರಿಂದ ಘನತೆವೆತ್ತ ತಾವು, ತಮ್ಮ ಅಮೂಲ್ಯ ವಿಶ್ರಾಂತಿಗೆ ಭಂಗ ಬಾರದಂತೆ, ಮುಂಜಾನೆಯ ಬಸ್ಸಿಗೆ ಖುದ್ದಾಗಿ ದಿಗ್ಗೇವಾಡಿಗೆ ದಯಮಾಡಿಸಿ, ಅಂದು ಒಲ್ಲೆ ಎಂದದ್ದು ತಾವೊಬ್ಬರೇ, ಚೌಗುಲೆ ಮಾಸ್ತರರಲ್ಲ ಎಂದು ಲಕ್ಷ್ಮಿಬಾಯಿಯವರ ಪಡಸಾಲೆಯಲ್ಲಿ ಬಾಯಿಬಿಟ್ಟು ಹೇಳಬೇಕಾಗಿ ಪ್ರಾರ್ಥನೆ. ನನ್ನ ಬಾಯಿಯ ಮಾತಿಗೆ ಆ ಮನೆಯಲ್ಲಿ ಈಗ ಬೆಲೆಯಿಲ್ಲ.

ಇಂತಿ ತಮ್ಮನ್ನು ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಶ್ರೀಪಾಲ ಚೌಗುಲೆ

ತಾ.ಕ.: ತಾವಿನ್ನು ಹೊರಡುವ ತೊಂದರೆ ತೆಗೆದುಕೊಳ್ಳಬೇಕಿಲ್ಲ. ಪತ್ರ ಮಡಿಸುವಷ್ಟರಲ್ಲಿ ಮಂಗಲಳ ಲಗ್ನಪತ್ರಿಕೆ ಬಂತು; ಈಗ ವಾರವಾಯಿತು. ವರ ಅಥಣಿ ಕಡೆಯವನು, ಆರು ಹೋಳಿಗೆ ಉಂಡನಂತೆ. ಜಠರದವರು ಆಗಿನಿಂದ ಉರಿಯುತ್ತಿದ್ದಾರೆ, ಮಜ್ಜಿಗೆಗೂ ಸೋಡಾಕ್ಕೂ ಜಗ್ಗುತ್ತಿಲ್ಲ. ತಾವು ಮಾತ್ರ ಈಗ ದಿನಾ ಮುಂಜಾನೆ ಆರಕ್ಕೆ ತಪ್ಪದೆ ಕೆಲಸಕ್ಕೆ ಹಾಜರಾಗುತ್ತಿದ್ದೀರಿ, ಅಭಿನಂದನೆಗಳು.