ಮಲತಾಯಿಗೆ ಬಾರದ ಬೈಗುಳ

ಅವಳು ಆ ಹುಡುಗಿಯನ್ನು ಮೊದಲ ಸಲ ನೋಡಿದ್ದು ಐಸ್‌ಕ್ರೀಮ್ ಅಂಗಡಿಯ ಮೂಲೆಯ ಮೇಜಿನಲ್ಲಿ. ಮದುವೆಯಾಗಲಿದ್ದವನು ಮಗಳನ್ನು ಅವಳ ಎದುರು ಕೂರಿಸಿ, ಬೇಕಂತಲೇ ಕೌಂಟರಿನ ಹತ್ತಿರ ಹೋಗಿ ನಿಂತಿದ್ದ. ಹುಡುಗಿಯ ಒಂದು ಕಾಲುಚೀಲ ಜಾರಿತ್ತು. ಶಾಲೆಯ ಚೀಲವನ್ನು ಗುರಾಣಿಯಂತೆ ಎದೆಗೊತ್ತಿಕೊಂಡು, ಚಮಚವನ್ನು ತಿರುಗಿಸಿ ನೆಕ್ಕುತ್ತ ಕೇಳಿದಳು:

"ನೀವು ಬೈತೀರಾ?"

"ಯಾಕೆ?"

"ವಾರವೆಲ್ಲ ಅಮ್ಮ ಬೈತಾಳೆ. ಶನಿವಾರ ಭಾನುವಾರ ನೀವೂ ಬೈದರೆ ನನಗೆ ರಜಾನೇ ಇರಲ್ಲ."

"ನನ್ನ ಬಾಯಿಂದ ಒಂದು ಬಿರುಸು ಮಾತು ಬಂದರೆ ಕೇಳು," ಎಂದಳು ಅವಳು. ಮಲತಾಯಿಯರ ಕುಲಕ್ಕೇ ಅಂಟಿದ ಕಳಂಕವನ್ನು ತಾನೊಬ್ಬಳೇ ತೊಳೆದುಬಿಡುತ್ತೇನೆ ಎಂಬ ಹುಮ್ಮಸ್ಸು.

ಮದುವೆಯಾದ ಮೇಲೆ ಮಾತು ಉಳಿಸಿಕೊಂಡಳು ಕೂಡ. ಹುಡುಗಿ ಗೋಡೆಗೆ ಬಣ್ಣ ಬಳಿದಾಗ "ಹಸಿರು ಚೆನ್ನಾಗಿ ಬಂದಿದೆ" ಎಂದಳು. ಹುಡುಗಿಯ ಕೈಜಾರಿ ತನ್ನ ಮೊಬೈಲು ಬಕೆಟ್ಟಿಗೆ ಬಿದ್ದಾಗ "ಅದಕ್ಕೂ ಸೆಕೆ ಆಗಿತ್ತೇನೋ" ಎಂದಳು. ಇಷ್ಟಾದರೂ ಹುಡುಗಿ ಮನೆಗೆ ಬಂದ ಅತಿಥಿಯಂತೆಯೇ ಇದ್ದಳು. "ಆಂಟಿ, ಫ್ರಿಜ್ ತೆಗೀಲಾ?" ಎಂದು ಪ್ರತಿ ಸಲ ಕೇಳುತ್ತಿದ್ದಳು. ಆ ಪ್ರಶ್ನೆ ಕೇಳಿದಾಗಲೆಲ್ಲ ಇವಳ ಮುಖ ಸಣ್ಣದಾಗುತ್ತಿತ್ತು.

ಅವಳ ಕೆಲಸ ಪರಭಾಷೆಯ ಸಿನಿಮಾಗಳಿಗೆ ದನಿ ಕೊಡುವುದು. ಅದುವರೆಗೆ ಸಿಕ್ಕಿದ್ದು ನರ್ಸು, ಟೀಚರು, ಗುಂಪಿನಲ್ಲಿ ಕಿರುಚುವವರು. ಈಗ ತಾಯಿ, ಮಲತಾಯಿಯರ ಕಥೆಯ ಸಿನಿಮಾದಲ್ಲಿ ಮಲತಾಯಿಯ ದನಿಯೇ ಅವಳ ಪಾಲಿಗೆ ಬಂದಿತ್ತು. ಮಗುವನ್ನು ಪೆಟ್ಟಿಗೆ ಸಮೇತ ಮನೆಯಿಂದ ಹೊರಹಾಕುವ ದೃಶ್ಯ. ಅವಳ ಮಾತು ಮುಗಿದ ಮೇಲೆ ಡಬ್ಬಿಂಗ್ ನಿರ್ದೇಶಕ ಗಾಜಿನ ಆಚೆಯಿಂದ ಕೇಳಿದ:

"ಮೇಡಂ, ಮಗೂನ ಹೊರಗೆ ಹಾಕ್ತಿದ್ದೀರೋ, ಪಿಕ್ನಿಕ್ಕಿಗೆ ಕಳಿಸ್ತಿದ್ದೀರೋ? ಸೋಮವಾರದೊಳಗೆ ಬೈಯೋದು ಕಲಿತು ಬನ್ನಿ. ಇಲ್ಲಾಂದ್ರೆ ಬೇರೆಯವರನ್ನ ಕರೀತೀನಿ."

ಮನೆಯಲ್ಲಿ ಗಂಡ ಧಾರಾಳವಾಗಿ ಹೇಳಿದ, "ನನ್ನ ಮೇಲೆ ಅಭ್ಯಾಸ ಮಾಡು."

"ನಿಮಗೆ ಬೈಯೋಕೆ ಅಭ್ಯಾಸ ಯಾಕೆ? ಅದು ತಾನಾಗೇ ಬರುತ್ತೆ."

ಕೊನೆಗೆ ಹುಡುಗಿಯೇ ಮುಂದೆ ಬಂದಳು. "ನನಗೆ ಬೈಯಿರಿ ಆಂಟಿ. ಕೆಲಸಕ್ಕೆ ತಾನೇ, ಪರವಾಗಿಲ್ಲ."

"ಹೊಸಿಲು ತುಳಿದರೆ ಕಾಲು ಮುರೀತೀನಿ," ಎಂದಳು ಅವಳು.

"ಮುರೀಬಹುದಾ ಅಂತ ಕೇಳಿದ ಹಾಗಿದೆ. ತಾಳಿ." ಹುಡುಗಿ ತಾಯಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. "ಅಮ್ಮಾ, ಆಂಟಿಗೆ ಸ್ವಲ್ಪ ಬೈಯೋದು ಹೇಳಿಕೊಡು."

"ಅದಕ್ಕೂ ಪಾಠನಾ?" ಎಂದಿತು ಫೋನು. "ಅವಳ ಜೊತೆ ಒಂದು ವಾರ ಪೂರ್ತಿ ಇದ್ದು ನೋಡಿ, ಕಲೀತೀರಿ."

ಅಷ್ಟರಲ್ಲಿ ಹುಡುಗಿಗೆ ಕಲೆಯ ಆವೇಶ ಬಂದಿತ್ತು. ಪೆಟ್ಟಿಗೆ ಎಳೆದುಕೊಂಡು ಬಾಲ್ಕನಿಗೆ ಹೋದಳು. ಮನೆಯಿಂದ ಹೊರಬಿದ್ದ ಮಗು ಹೇಗೆ ಕೂರುತ್ತದೆಂದು ತೋರಿಸಲು ಕಟ್ಟೆಯ ಮೇಲೆ ಹತ್ತಿ ಕುಳಿತಳು. ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ.

ಅವಳು ಹಾರಿಹೋಗಿ ಹುಡುಗಿಯ ರಟ್ಟೆ ಹಿಡಿದು ಒಳಗೆಳೆದಳು. "ಕತ್ತೆ, ತಲೆ ನೆಟ್ಟಗಿದೆಯೇನೇ ನಿಂಗೆ? ಬಿದ್ದಿದ್ರೆ ಏನೇ ಗತಿ? ಇನ್ನೊಂದು ಸಲ ಬಾಲ್ಕನಿ ಕಡೆ ಕಾಲಿಡು, ಮುರಿದು ಕೈಗೆ ಕೊಡ್ತೀನಿ." ಆ ಅಬ್ಬರಕ್ಕೆ ಎದುರು ಮನೆಯ ಕಿಟಕಿಗಳು ತೆರೆದವು. ಸ್ನಾನದ ಮನೆಯಿಂದ ಗಂಡ ಸೋಪಿನ ನೊರೆ ಸಮೇತ ಓಡಿಬಂದ.

ಮೇಜಿನ ಮೇಲಿನ ಫೋನು ಮೆಲ್ಲಗೆ, "ಕಲಿತುಬಿಟ್ಟಿರಲ್ಲ," ಎಂದಿತು.

ಹುಡುಗಿ ಮೂಗೊರೆಸಿಕೊಂಡು, "ಸಾಕು, ಇನ್ನು ಬೈಬೇಡ ಚಿಕ್ಕಮ್ಮ," ಎಂದವಳೇ ನೆಟ್ಟಗೆ ಹೋಗಿ, ಯಾರನ್ನೂ ಕೇಳದೆ ಫ್ರಿಜ್ ತೆಗೆದಳು.

ಸೋಮವಾರ ಅವಳು ಸಿಂಹಿಣಿಯಂತೆ ಸ್ಟುಡಿಯೋಗೆ ಹೋದಳು. ಅದೇ ಅಬ್ಬರದಲ್ಲಿ ಮಾತು ಒಪ್ಪಿಸಿದಳು. ನಿರ್ದೇಶಕ ಹೆಡ್‌ಫೋನ್ ತೆಗೆದು ತಲೆ ಕೆರೆದುಕೊಂಡ.

"ಬೈಗುಳ ಬಂತು ಮೇಡಂ. ಆದರೆ ಇದು ಬೈದು, ಒಳಗೆ ಕರೆದು, ಊಟ ಹಾಕೋ ಬೈಗುಳ. ಮಲತಾಯಿಗೆ ನಡೆಯಲ್ಲ."

ಮಲತಾಯಿಯ ದನಿ ಬೇರೊಬ್ಬಳ ಪಾಲಾಯಿತು. ಈಗ ಅವಳು ಸಿನಿಮಾಗಳಲ್ಲಿ ತಾಯಂದಿರಿಗೆ ಮಾತ್ರ ದನಿ ಕೊಡುತ್ತಾಳೆ. ಶನಿವಾರ, ಭಾನುವಾರ ಮನೆಯಲ್ಲಿ ಬೈಯುತ್ತಾಳೆ.